ಅಂಗೈ, ಕಂಕುಳ ಬೆವರಿಗೆ ಇಂಜೆಕ್ಷನ್ ತಗೊಳ್ಳಲಾ? ನನ್ನದು ಸೂಜಿ ಹಿಡಿಯುವ ಕೆಲಸ

ಆರಿಸೂಜಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲು ಧೈರ್ಯ ಬರೋಕೆ ತುಂಬಾ ದಿನ ಬೇಕಾಯಿತು.

ನನಗೆ 29 ವರ್ಷ. ಬ್ಲೌಸ್‌ಗೆ ಆರಿ ವರ್ಕ್ ಮಾಡುತ್ತೇನೆ. ಮನೆಯಲ್ಲೇ ಎರಡು ಫ್ರೇಮ್ ಇವೆ. ಮದುವೆ ಸೀಸನ್ ಬಂದರೆ ಇಬ್ಬರು ಹುಡುಗಿಯರು ಸಹಾಯಕ್ಕೆ ಬರುತ್ತಾರೆ. ಆರನೇ ಕ್ಲಾಸಿನಿಂದ ನನ್ನ ಅಂಗೈ ಬೆವರುತ್ತದೆ. ಸ್ವಲ್ಪ ಅಲ್ಲ, ಕೈ ಇಳಿಬಿಟ್ಟರೆ ಬೆರಳ ತುದಿಯಿಂದ ಹನಿ ಬೀಳುತ್ತದೆ. ಚಳಿಗಾಲದಲ್ಲೂ ಹಾಗೇ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಮೇಲೆ ಕರ್ಚೀಫ್ ಹಾಸಿ, ಅದರ ಮೇಲೆ ಕೈ ಇಟ್ಟು ಬರೆದೆ. ಕಂಕುಳದ್ದೂ ಇದೇ ಕಥೆ. ನಮ್ಮಪ್ಪನಿಗೂ ಇತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಸ್ ಟಿಕೆಟ್ ಅವರ ಕೈಯಲ್ಲಿ ಹಿಟ್ಟಿನ ಹಾಗೆ ಆಗುತ್ತಿದ್ದುದು ನನಗೆ ನೆನಪಿದೆ.

ಈಗ ಕೆಲಸಕ್ಕೇ ತೊಂದರೆಯಾಗಿದೆ. ರೇಷ್ಮೆಗೆ ಬೆವರು ತಾಗಿದರೆ ಕಲೆ ಕೂರುತ್ತದೆ. ಜರಿ ಕಪ್ಪಾಗುತ್ತದೆ. ಪೌಡರ್ ಹಚ್ಚಿದರೆ ಅದೂ ಬಟ್ಟೆಗೆ ಹಿಡಿಯುತ್ತದೆ. ಹೋದ ತಿಂಗಳು ಒಂದು ತಿಳಿ ಗುಲಾಬಿ ಬ್ಲೌಸ್ ಪೀಸ್ ಹಾಳಾಯಿತು. ಅದೇ ಬಣ್ಣದ ಪೀಸ್ ಹುಡುಕಿ ತಂದು, ನಾಲ್ಕು ದಿನದ ಕೆಲಸ ಮೊದಲಿಂದ ಮಾಡಿದೆ.

ಒಂದು ಸ್ಕಿನ್ ಕ್ಲಿನಿಕ್‌ಗೆ ಹೋಗಿದ್ದೆ. ಎರಡು ಕಂಕುಳು, ಎರಡು ಅಂಗೈ ಎಲ್ಲಾ ಸೇರಿ ಬೆವರು ನಿಲ್ಲಿಸುವ ಬೊಟಾಕ್ಸ್ ಇಂಜೆಕ್ಷನ್ ಪ್ಯಾಕೇಜ್, 85 ಸಾವಿರ ಅಂದರು. ಎಷ್ಟು ಔಷಧ, ಯಾವ ಕಂಪನಿ ಅಂತ ಕೇಳಿದೆ. "ಅದೆಲ್ಲ ನಮಗೆ ಬಿಡಿ" ಅಂದರು. ಈಗ ಆಷಾಢ, ಆರ್ಡರ್ ಕಮ್ಮಿ. ಶ್ರಾವಣ ಹುಟ್ಟುವ ಮೊದಲೇ ಮಾಡಿಸಿಬಿಡೋಣ ಅನ್ನಿಸುತ್ತಿದೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಕಡಲತಡಿ (ಮಂಗಳೂರು)

ಅಕ್ಕಾ, ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ನನಗೆ ಕಂಕುಳು ಮಾತ್ರ. ನಮ್ಮೂರಿನ ಸೆಕೆಗೆ ಎಲ್ಲರೂ ಬೆವರುತ್ತಾರೆ, ಅದು ಬೇರೆ. ನನ್ನ ಅಂಗಿ ಎ.ಸಿ. ಕೆಳಗೆ ಕೂತರೂ ಸೊಂಟದವರೆಗೆ ಒದ್ದೆಯಾಗುತ್ತಿತ್ತು. ಹತ್ತು ವರ್ಷ ಬರೀ ಕಪ್ಪು, ಬಿಳಿ ಅಂಗಿ ಹಾಕಿದೆ. ಮೂರು ಸಲ ಇಂಜೆಕ್ಷನ್ ತಗೊಂಡಿದ್ದೇನೆ.

ಮೊದಲು ಒಂದು ಪರೀಕ್ಷೆ ಮಾಡಿದರು. ಕಂಕುಳು ಒರೆಸಿ, ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಮೆಕ್ಕೆಜೋಳದ ಹಿಟ್ಟು ಉದುರಿಸಿದರು. ಬೆವರು ಬರುವ ಜಾಗವೆಲ್ಲ ಕಪ್ಪು ನೀಲಿ ಬಣ್ಣಕ್ಕೆ ತಿರುಗಿತು. ಆ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಒಳಗೆ ಚುಕ್ಕೆ ಇಟ್ಟರು. ಒಂದು ಕಡೆಗೆ ಸುಮಾರು 15 ಚುಚ್ಚು. ಸೂಜಿ ತೀರಾ ಸಣ್ಣದು. ಮೊದಲೇ ಮರಗಟ್ಟಿಸುವ ಕ್ರೀಮ್ ಹಚ್ಚಿದ್ದರು. ಇರುವೆ ಕಚ್ಚಿದ ಹಾಗೆ ಆಯಿತು, ಅಷ್ಟೇ. ಅವತ್ತೇ ಕೆಲಸಕ್ಕೆ ಹೋದೆ.

ನಾಲ್ಕನೇ ದಿನಕ್ಕೆ ಕಮ್ಮಿಯಾಗಲು ಶುರುವಾಯಿತು. ಎರಡು ವಾರಕ್ಕೆ ಪೂರ್ತಿ ಒಣಗಿತು. ಮೊದಲ ಸಲ ಏಳು ತಿಂಗಳು ಬಂತು, ಆಮೇಲೆ ಆರು, ಈಗಿನದು ಒಂಬತ್ತನೇ ತಿಂಗಳು ನಡೆಯುತ್ತಿದೆ. ಪ್ರತಿ ಸಲ 30 ಸಾವಿರದ ಆಸುಪಾಸು ಖರ್ಚು. ನಿಂತು ಹೋಗುವ ಖರ್ಚಲ್ಲ ಇದು, ವರ್ಷ ವರ್ಷವೂ ಬರುತ್ತದೆ. ಇದನ್ನು ಲೆಕ್ಕ ಹಾಕಿಯೇ ಕಾಲಿಡಿ. ನನಗೆ ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಸಿಗಲಿಲ್ಲ.

ಆದರೂ ಹೇಳುತ್ತೇನೆ, ನನಗೆ ಬೇಸರ ಇಲ್ಲ. ಹೋದ ದೀಪಾವಳಿಗೆ ತಿಳಿ ನೀಲಿ ಅಂಗಿ ತಗೊಂಡೆ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡಾಗ ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು.

ತೀರ್ಥಹಳ್ಳಿ ಅತ್ತೆ

ತಂಗೀ, ಅಷ್ಟು ದುಡ್ಡು ಸುರಿಯುವ ಮೊದಲು ಪಟಿಕ ಪ್ರಯತ್ನ ಮಾಡಿದೆಯಾ? ಕ್ಷೌರದಂಗಡಿಯಲ್ಲಿ ಉಜ್ಜುತ್ತಾರಲ್ಲ, ಅದೇ. ನೀರಿನಲ್ಲಿ ಕರಗಿಸಿ ಕೈ ಅದ್ದಿಕೊಳ್ಳುವುದು. ನಮ್ಮ ಮನೆಯವರು ಕಾಲು ಬೆವರಿಗೆ ಮಾಡುತ್ತಿದ್ದರು. ಬೆವರು ದೇಹದ ಕೆಟ್ಟದ್ದನ್ನು ಹೊರಗೆ ಹಾಕುತ್ತದೆ ಅಂತಾರೆ. ಅದನ್ನು ತಡೆದರೆ ಒಳಗೇ ಉಳಿಯುವುದಿಲ್ಲವಾ? ನನಗೆ ಅದೇ ಹೆದರಿಕೆ.

ಚರ್ಮ ವಿಭಾಗದವ (ಹುಬ್ಬಳ್ಳಿ)

ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಇಲ್ಲಿ ಕೂತು ಯಾರಿಗೂ ಚಿಕಿತ್ಸೆ ಹೇಳುವುದು ಸರಿಯಲ್ಲ. ಆದರೆ ಡಾಕ್ಟರ ಮುಂದೆ ಏನು ಕೇಳಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲು ಅತ್ತೆಯವರ ಮಾತಿಗೆ. ಪಟಿಕದಲ್ಲಿ ಇರುವುದು ಅಲ್ಯೂಮಿನಿಯಂ ಲವಣವೇ. ಹಾಗಾಗಿ ನಿಮ್ಮ ಮನೆಯವರು ಮಾಡಿದ್ದು ಅರ್ಥವಿಲ್ಲದ ಕೆಲಸ ಅಲ್ಲ. ನಾವು ಮೊದಲು ಬರೆದು ಕೊಡುವುದೂ ಅಲ್ಯೂಮಿನಿಯಂ ಕ್ಲೋರೈಡ್, ಹೆಚ್ಚಾಗಿ 20% ದ್ರಾವಣ. ಅದು ಬೆವರಿನ ನಾಳದ ಬಾಯಿ ಮುಚ್ಚುತ್ತದೆ. ರಾತ್ರಿ ಮಲಗುವಾಗ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಈ ರೋಗದಲ್ಲಿ ನಿದ್ದೆ ಬಂದ ಮೇಲೆ ಬೆವರು ನಿಲ್ಲುತ್ತದೆ, ಅದಕ್ಕೇ ರಾತ್ರಿ. ಚರ್ಮ ಪೂರ್ತಿ ಒಣಗಿರಬೇಕು. ಒದ್ದೆ ಮೇಲೆ ಹಚ್ಚಿದರೆ ಉರಿಯುತ್ತದೆ. ಕೂದಲು ತೆಗೆದ ದಿನವೂ ಬೇಡ. ಎಷ್ಟೋ ಜನ ಹಗಲು ಹಚ್ಚಿ, ಉರಿ ತಡೆಯಲಾರದೆ, "ಇದು ಕೆಲಸ ಮಾಡಲ್ಲ" ಅಂತ ಬಿಟ್ಟಿರುತ್ತಾರೆ.

ಬೆವರಿನ ಮುಖ್ಯ ಕೆಲಸ ಮೈ ತಣ್ಣಗೆ ಇಡುವುದು. ಕೆಟ್ಟದ್ದನ್ನು ಹೊರಗೆ ಹಾಕುವುದು ಮೂತ್ರಪಿಂಡ ಮತ್ತು ಲಿವರ್. ಮೈಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿ ಇವೆ. ಕಂಕುಳಲ್ಲಿ ಅಂಗೈಯಗಲದ ಜಾಗ ಒಣಗಿದರೆ ದೇಹಕ್ಕೆ ಏನೂ ಕೊರತೆಯಾಗುವುದಿಲ್ಲ, ಅತ್ತೆ.

ಆರಿಸೂಜಿಯವರೇ, ಚಿಕ್ಕ ವಯಸ್ಸಿಗೆ ಶುರುವಾಗಿದೆ, ಎರಡೂ ಕೈಗೆ ಸಮ ಇದೆ, ಅಪ್ಪನಿಗೂ ಇತ್ತು. ನೀವು ಹೇಳಿದ್ದು ನೋಡಿದರೆ ಹುಟ್ಟಿನಿಂದ ಬರುವ ಸ್ವಭಾವದ್ದೇ ಅನ್ನಿಸುತ್ತದೆ. ದೊಡ್ಡವರಾದ ಮೇಲೆ ಒಮ್ಮೆಲೇ ಶುರುವಾದರೆ, ಮೈಯೆಲ್ಲಾ ಬೆವರಿದರೆ, ರಾತ್ರಿ ಹಾಸಿಗೆ ಒದ್ದೆಯಾದರೆ, ತೂಕ ಇಳಿದರೆ ಅದು ಬೇರೆ ಮಾತು. ಆಗ ಥೈರಾಯ್ಡ್, ಸಕ್ಕರೆ, ಟಿ.ಬಿ. ನೋಡಬೇಕು. ಕೆಲವು ಮಾತ್ರೆಗಳಿಂದಲೂ ಬೆವರು ಜಾಸ್ತಿ ಆಗುತ್ತದೆ.

ಇನ್ನು ಇಂಜೆಕ್ಷನ್. ಬೆವರು ಗ್ರಂಥಿಗೆ "ಬೆವರು ಬಿಡು" ಅಂತ ಹೇಳುವುದು ನರ. ಹೇಳುವುದು ಅಸಿಟೈಲ್‌ಕೊಲಿನ್ ಅನ್ನುವ ರಸದ ಮೂಲಕ. ಬೊಟಾಕ್ಸ್ ಆ ರಸ ನರದ ತುದಿಯಿಂದ ಹೊರಬರದ ಹಾಗೆ ತಡೆಯುತ್ತದೆ. ಗ್ರಂಥಿ ಹಾಳಾಗುವುದಿಲ್ಲ, ಸುಮ್ನೆ ಕೂರುತ್ತದೆ. ಕೆಲವು ತಿಂಗಳಲ್ಲಿ ನರ ಮತ್ತೆ ಕೆಲಸ ಶುರು ಮಾಡುತ್ತದೆ. ಅದಕ್ಕೇ ಮತ್ತೆ ಮತ್ತೆ ಹಾಕಿಸಬೇಕು.

ಹಚ್ಚುವ ಔಷಧಕ್ಕೆ ಬಗ್ಗದ ಕಂಕುಳ ಬೆವರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಒಂದು ಕಂಕುಳಿಗೆ 50 ಯೂನಿಟ್ (ಈ ಔಷಧದ ಅಳತೆ). ಆ ಒಪ್ಪಿಗೆಯಲ್ಲಿ ಅಂಗೈ ಇಲ್ಲ. ಅಂಗೈಗೂ ಡಾಕ್ಟರುಗಳು ಹಾಕುತ್ತಾರೆ, ಬೆವರು ನಿಲ್ಲುತ್ತದೆ. ಆದರೆ ಕಂಕುಳು ಒಂದು, ಅಂಗೈ ಇನ್ನೊಂದು. ಎರಡನ್ನೂ ಒಂದೇ ಪ್ಯಾಕೇಜಿಗೆ ಸೇರಿಸಿ ಹತ್ತು ನಿಮಿಷದ ಕೆಲಸದ ಹಾಗೆ ಮಾರಿದ್ದು ನನಗೆ ಸರಿ ಕಾಣಲಿಲ್ಲ.

ಮತ್ತೆ, ಯಾವ ಬ್ರಾಂಡ್, ಎಷ್ಟು ಯೂನಿಟ್ ಅಂತ ಕೇಳುವುದು ನಿಮ್ಮ ಹಕ್ಕು ರೀ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ. ಬಾಟಲಿ ನಿಮ್ಮ ಕಣ್ಣೆದುರು ಒಡೆದು ಬೆರೆಸಲಿ. ಹೇಳುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಬಸುರಿಯರಿಗೆ, ಹಾಲುಣಿಸುವವರಿಗೆ, ಮಯಾಸ್ತೇನಿಯಾದಂಥ ಸ್ನಾಯು ದುರ್ಬಲತೆಯ ರೋಗ ಇರುವವರಿಗೆ ಇದು ಬೇಡ.

ಮಲ್ಲಿಗೆಮೊಗ್ಗು (ಮೈಸೂರು)

ನಾನು ಅಂಗೈಗೆ ಹಾಕಿಸಿಕೊಂಡವಳು. ಎಲ್ಲರೂ ಕಂಕುಳ ಅನುಭವ ಹೇಳಿ "ನೋವೇ ಇಲ್ಲ" ಅಂತಾರೆ. ಅಂಗೈ ಹಾಗಲ್ಲ, ದಯವಿಟ್ಟು ಕೇಳಿ.

ಒಂದೊಂದು ಅಂಗೈಗೆ 40ರ ಹತ್ತಿರ ಚುಚ್ಚು. ಬೆರಳುಗಳಿಗೂ. ಬೆರಳ ತುದಿಗೆ ಚುಚ್ಚಿದಾಗ ಜೀವ ಬಾಯಿಗೆ ಬಂದಿತ್ತು. ಮೊದಲ ದಿನ ಬಲಗೈಗೆ ಬರೀ ಐಸ್ ಇಟ್ಟು ಮಾಡಿದರು. ಎರಡು ವಾರ ಬಿಟ್ಟು ಎಡಗೈ ಮಾಡುವಾಗ ನಾನೇ ಕೇಳಿ ಮಣಿಕಟ್ಟಿನ ಹತ್ತಿರ ನರಕ್ಕೆ ಅರಿವಳಿಕೆ ಹಾಕಿಸಿಕೊಂಡೆ. ಆಗ ತಡೆದುಕೊಳ್ಳಬಹುದಿತ್ತು. ಆದರೆ ಕೈ ಮೂರು ನಾಲ್ಕು ಗಂಟೆ ಮರದ ಕೊರಡಿನ ಹಾಗೆ ಇತ್ತು. ಸ್ಕೂಟಿ ಓಡಿಸೋಕೆ ಆಗಲ್ಲ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಬೆವರು ನಿಂತಿತಾ? ನಿಂತಿತು. ಐದು ತಿಂಗಳು ನನ್ನ ಕೈ ನನ್ನದೇ ಅಂತ ನಂಬಲಾಗಲಿಲ್ಲ. ಮಗಳ ಪುಸ್ತಕಕ್ಕೆ ಬೈಂಡ್ ಹಾಕಿದೆ, ಕಾಗದ ಮುದುಡಲಿಲ್ಲ.

ಆದರೆ ಎರಡನೇ ವಾರಕ್ಕೆ ಹೆಬ್ಬೆರಳಿನ ಶಕ್ತಿ ಇಳಿಯಿತು. ಸೀರೆ ಪಿನ್ ಒತ್ತಲು ಆಗುತ್ತಿರಲಿಲ್ಲ. ಬೀಗದ ಕೈ ತಿರುಗಿಸಲು ಎರಡೂ ಕೈ ಬೇಕಿತ್ತು. ಹೂ ಕಟ್ಟುವಾಗ ದಾರದ ಗಂಟು ಬಿಗಿಯಾಗುತ್ತಿರಲಿಲ್ಲ. ಒಂದೂವರೆ ತಿಂಗಳಿಗೆ ಸರಿಹೋಯಿತು. ನನ್ನದು ಪಾಠ ಹೇಳುವ ಕೆಲಸ, ನಡೆದುಹೋಯಿತು. ನಿಮ್ಮದು ಸೂಜಿ ಹಿಡಿಯುವ ಕೈ. ಅದು ನೆನಪಾಗಿ ಇಷ್ಟು ಉದ್ದ ಬರೆದೆ.

ಆರಿಸೂಜಿ

ಮಲ್ಲಿಗೆಮೊಗ್ಗು ಅಕ್ಕಾ, ನಿಮ್ಮ ಮಾತು ಓದಿ ಕೈ ನಡುಗಿತು. ಕ್ಲಿನಿಕ್ಕಿನಲ್ಲಿ ಇದನ್ನು ಯಾರೂ ಹೇಳಲಿಲ್ಲ. ನನ್ನ ಕೆಲಸ ಗೊತ್ತಿದ್ದೂ ಹೇಳಲಿಲ್ಲ.

ಆರಿ ಸೂಜಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತಿರುಗಿಸುತ್ತಾ ಇಳಿಸಬೇಕು. ಕೆಳಗಿನ ಕೈ ದಾರ ಸುತ್ತಿ ಕೊಡಬೇಕು. ಮೇಲಿನ ಕೈ ಕೂದಲೆಳೆಯಷ್ಟು ಸಡಿಲವಾದರೂ ಕೊಕ್ಕೆ ಬಟ್ಟೆಗೆ ಸಿಕ್ಕಿಕೊಂಡು ರೇಷ್ಮೆ ಎಳೆ ಕಿತ್ತು ಬರುತ್ತದೆ. ದಿನಕ್ಕೆ ಎಂಟು ಗಂಟೆ ಇದೇ ಕೆಲಸ.

ಡಾಕ್ಟರೇ, ಈ ಶಕ್ತಿ ಇಳಿಯುವುದು ಎಲ್ಲರಿಗೂ ಆಗುತ್ತದಾ? ಈಗ ಆಷಾಢದಲ್ಲಿ ಮಾಡಿಸಿದರೆ ಶ್ರಾವಣಕ್ಕೆ ಸರಿಹೋಗುವುದಿಲ್ಲವಾ?

ಚರ್ಮ ವಿಭಾಗದವ (ಹುಬ್ಬಳ್ಳಿ)

ಎಲ್ಲರಿಗೂ ಆಗುವುದಿಲ್ಲ. ಆದವರಿಗೂ ಸಾಮಾನ್ಯವಾಗಿ ಕಮ್ಮಿ ಪ್ರಮಾಣದಲ್ಲಿ ಆಗಿ, ಕೆಲವು ವಾರದಲ್ಲಿ ಹೋಗುತ್ತದೆ. ಅಂಗೈ ಚರ್ಮದ ಕೆಳಗೇ ಹೆಬ್ಬೆರಳನ್ನು ಆಡಿಸುವ ಸಣ್ಣ ಸ್ನಾಯುಗಳಿವೆ. ಔಷಧ ಸ್ವಲ್ಪ ಆಳಕ್ಕೆ ಇಳಿದರೆ ಅವಕ್ಕೂ ತಾಗುತ್ತದೆ. ಅದೇ ಅಸಿಟೈಲ್‌ಕೊಲಿನ್ ಸ್ನಾಯುವಿಗೂ ಬೇಕಲ್ಲ. ಪಳಗಿದ ಕೈ ಇದನ್ನು ಕಮ್ಮಿ ಮಾಡಬಹುದು, ಆಗುವುದೇ ಇಲ್ಲ ಅಂತ ಮಾತು ಕೊಡಲು ಆಗುವುದಿಲ್ಲ.

ದಿನ ಲೆಕ್ಕ ಹಾಕಿ. ಇವತ್ತು ಹಾಕಿಸಿದರೆ ಶಕ್ತಿ ಇಳಿಯುವುದು ಒಂದೆರಡು ವಾರದ ನಂತರ. ಅಲ್ಲಿಂದ ಒಂದು ತಿಂಗಳು ಹಿಡಿದರೆ ಸರಿಯಾಗಿ ನಿಮ್ಮ ಶ್ರಾವಣದ ಆರ್ಡರ್ ಮೇಲೆ ಬರುತ್ತದೆ.

ಅಂಗೈಗೆ ಮೊದಲು ಅಯಾಂಟೊಫೊರೆಸಿಸ್ ಬಗ್ಗೆ ಕೇಳಿ. ಹೆಸರು ದೊಡ್ಡದು, ಕೆಲಸ ಸರಳ. ಎರಡು ತಟ್ಟೆಯಲ್ಲಿ ನಲ್ಲಿ ನೀರು, ಅದರೊಳಗೆ ಲೋಹದ ಪ್ಲೇಟ್, ಮೇಲೆ ಬಟ್ಟೆ. ಎರಡೂ ಅಂಗೈ ಅದರಲ್ಲಿ ಇಟ್ಟು, ಮಷೀನಿನಿಂದ ಸಣ್ಣ ಕರೆಂಟ್ ಹರಿಸುತ್ತಾರೆ. 15ರಿಂದ 20 ಮಿಲಿಆಂಪ್. ಒಂದು ಸಲಕ್ಕೆ 20–30 ನಿಮಿಷ. ವಾರಕ್ಕೆ ಮೂರು ಸಲದ ಹಾಗೆ ಮೂರು ನಾಲ್ಕು ವಾರ. ಒಣಗಿದ ಮೇಲೆ ವಾರಕ್ಕೊಮ್ಮೆ ಮುಂದುವರಿಸಬೇಕು. ಬಿಟ್ಟರೆ ಬೆವರು ವಾಪಸ್. ಉಂಗುರ, ಬಳೆ ತೆಗೆಯಬೇಕು. ಗಾಯ ಇದ್ದರೆ ವ್ಯಾಸಲೀನ್ ಹಚ್ಚಬೇಕು. ನಿಮಗೆ ಸೂಜಿ ತಾಗಿದ ಗಾಯ ಇದ್ದೇ ಇರುತ್ತದೆ, ಅದಕ್ಕೇ ಹೇಳಿದೆ. ಪೇಸ್‌ಮೇಕರ್ ಇರುವವರು, ಬಸುರಿಯರು ಮಾಡಿಸಬಾರದು.

ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲಿ ಚಾರ್ಜರ್ ವೈರ್ ಕತ್ತರಿಸಿ ನೀರಿಗೆ ಬಿಡುವ ವಿಡಿಯೋಗಳಿವೆ. ಅದನ್ನು ಮಾತ್ರ ಯಾರೂ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ.

ಬಯಲುದಾರಿ (ಬಳ್ಳಾರಿ)

ನಾನು ಇಂಜೆಕ್ಷನ್ ಅಲ್ಲ, ಆಪರೇಷನ್ ಮಾಡಿಸಿಕೊಂಡವನು. 2011ರಲ್ಲಿ. ಎದೆಯ ಪಕ್ಕದಿಂದ ಕ್ಯಾಮೆರಾ ಹಾಕಿ, ಬೆನ್ನುಮೂಳೆಯ ಪಕ್ಕದ ನರ ಕತ್ತರಿಸುತ್ತಾರೆ. ಎಚ್ಚರ ಆದಾಗಲೇ ಕೈ ಒಣಗಿತ್ತು, ಬೆಚ್ಚಗಿತ್ತು. ಅವತ್ತು ಖುಷಿಯಿಂದ ಅತ್ತೆ.

ಎರಡು ತಿಂಗಳಲ್ಲಿ ಬೆನ್ನು, ಹೊಟ್ಟೆ, ತೊಡೆ ಬೆವರಲು ಶುರುವಾಯಿತು. ಕೈಗೆ ಬರುತ್ತಿದ್ದುದೆಲ್ಲ ಅಲ್ಲಿಗೆ ಹೋಯಿತು. ನಮ್ಮೂರಿನ ಬೇಸಿಗೆ ನಿಮಗೆ ಗೊತ್ತು. ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುತ್ತೇನೆ. ಇದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಹೀಗಾಗಬಹುದು ಅಂತ ಆಪರೇಷನ್‌ಗೆ ಮೊದಲು ನನ್ನನ್ನು ಕೂರಿಸಿ ಯಾರೂ ವಿವರಿಸಲಿಲ್ಲ. ಇಂಜೆಕ್ಷನ್ ಸರಿಬರದಿದ್ದರೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಕತ್ತರಿಸಿದ ನರ ಹಾಗಲ್ಲ. ಆಪರೇಷನ್ ಮಾತು ಬಂದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ, ತಂಗಿ.

ಮರಳುಗಾಳಿ (ದುಬೈ)

ಬೆವರು ತಡೆಯುವ ಮಾತ್ರೆಯ ಬಗ್ಗೆ ಒಂದು ಮಾತು. ನಾನು ಗ್ಲೈಕೊಪೈರೊಲೇಟ್ ತಗೊಳ್ಳುತ್ತಿದ್ದೆ. ಕೈ ಒಣಗಿತು, ಜೊತೆಗೆ ಬಾಯಿಯೂ ಒಣಗಿತು. ಮಲಬದ್ಧತೆ, ಕಣ್ಣು ಮಂಜು. ನನ್ನದು ಸೈಟಿನಲ್ಲಿ ಬಿಸಿಲಲ್ಲಿ ನಿಲ್ಲುವ ಕೆಲಸ. ಮಾತ್ರೆ ಇಡೀ ಮೈಯ ಬೆವರು ತಡೆಯುತ್ತದೆ, ಮೈ ತಣ್ಣಗಾಗುವುದಿಲ್ಲ. ಒಂದು ದಿನ ತಲೆ ಸುತ್ತಿ ಕೂತುಬಿಟ್ಟೆ. ಡಾಕ್ಟರ್ ಬೇಸಿಗೆಯಲ್ಲಿ ನಿಲ್ಲಿಸಿದರು.

ಪುಟ್ಟನ ಅಮ್ಮ (ತುಮಕೂರು)

ನನ್ನ ಮಗನಿಗೆ 13. ನೋಟ್‌ಬುಕ್ ಒದ್ದೆ ಮಾಡುತ್ತಾನೆ ಅಂತ ಮೇಷ್ಟ್ರು ಬೈದರಂತೆ. ಕಬಡ್ಡಿಯಲ್ಲಿ ಯಾರೂ ಇವನ ಕೈ ಹಿಡಿಯಲ್ಲವಂತೆ. ಮನೆಗೆ ಬಂದು ಏನೂ ಹೇಳದೆ ಮಲಗಿಬಿಟ್ಟ. ಹೆದರಿಕೆಗೆ ಬೆವರುತ್ತಾನೆ, ಧೈರ್ಯ ತುಂಬಿ ಅಂತ ಎಲ್ಲರೂ ಹೇಳುತ್ತಾರೆ. ಇವನಿಗೂ ಇಂಜೆಕ್ಷನ್ ಬೇಕಾಗುತ್ತದಾ?

ಚರ್ಮ ವಿಭಾಗದವ (ಹುಬ್ಬಳ್ಳಿ)

ಅಮ್ಮಾ, ಅವನು ಹೆದರುಪುಕ್ಕಲ ಅಲ್ಲ. ಹೆದರಿಕೆಗೆ ಬೆವರು ಜಾಸ್ತಿ ಆಗುತ್ತದೆ, ನಿಜ. ಆದರೆ ಮೂಲ ಇರುವುದು ನರದಲ್ಲಿ, ಮನಸ್ಸಿನಲ್ಲಿ ಅಲ್ಲ. ಮೊದಲು ಇದನ್ನು ಅವನಿಗೇ ಹೇಳಿ. ಈ ವಯಸ್ಸಿಗೆ ಮೊದಲು ಹಚ್ಚುವ ದ್ರಾವಣ, ಆಮೇಲೆ ನೀರಿನ ಮಷೀನು. ಇಂಜೆಕ್ಷನ್ ಮಾತು ಈಗ ಬೇಡ. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಹೋಗಿ ಮೇಷ್ಟ್ರಿಗೆ ಕೊಡಿ.

ಓದುಗ (ಧಾರವಾಡ)

ಬೊಟಾಕ್ಸ್ ಅಂದರೆ ವಿಷ ಅಂತ ಇಲ್ಲಿ ಯಾರೂ ಹೇಳಲಿಲ್ಲ. ಹೌದು, ಕೆಟ್ಟ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷವೇ. 1820ರ ಸುಮಾರಿಗೆ ಜರ್ಮನಿಯಲ್ಲಿ ಯುಸ್ಟಿನಸ್ ಕೆರ್ನರ್ ಅನ್ನುವ ವೈದ್ಯ, ಹಾಳಾದ ಸಾಸೇಜ್ ತಿಂದು ಸತ್ತವರನ್ನು ನೋಡಿ ಬರೆದಿಟ್ಟಿದ್ದ. ಅವರಿಗೆ ಬಾಯಿ ಒಣಗುವುದು, ಬೆವರು ನಿಲ್ಲುವುದು ಅವನ ಕಣ್ಣಿಗೆ ಬಿದ್ದಿತ್ತು. ಇದೇ ವಿಷ ಅತಿ ಕಮ್ಮಿ ಪ್ರಮಾಣದಲ್ಲಿ ಔಷಧ ಆಗಬಹುದು ಅಂತಲೂ ಊಹಿಸಿದ್ದ. ಲ್ಯಾಟಿನ್‌ನಲ್ಲಿ ಬೊಟುಲಸ್ ಅಂದರೆ ಸಾಸೇಜ್, ಹೆಸರು ಬಂದಿದ್ದು ಅಲ್ಲಿಂದ. ಪ್ರಮಾಣ ಮುಖ್ಯ ಅನ್ನುವುದಕ್ಕೆ ಇದನ್ನು ಹೇಳಿದೆ. ಅದಕ್ಕೇ ಎಷ್ಟು ಯೂನಿಟ್ ಅಂತ ಹೇಳದ ಕಡೆ ಕೈ ಚಾಚಬೇಡಿ. ಹಾಕಿಸಿದ ಮೇಲೆ ನುಂಗಲು, ಉಸಿರಾಡಲು ಕಷ್ಟ ಅನ್ನಿಸಿದರೆ ನೇರ ಆಸ್ಪತ್ರೆಗೆ ಓಡಬೇಕು.

ಆರಿಸೂಜಿ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹೇಳದೆ ಹೋದರೆ ನಿಮಗೆಲ್ಲ ಮೋಸ ಮಾಡಿದ ಹಾಗೆ.

ಆ ಪ್ಯಾಕೇಜ್ ಬಿಟ್ಟೆ. ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನನ್ನ ಕೈ ಹಿಡಿದು, ಸೂಜಿ ಹೇಗೆ ಹಿಡಿಯುತ್ತೀರಿ ತೋರಿಸಿ ಅಂದರು. ನಾನು ಪೆನ್ನಿನಲ್ಲಿ ತೋರಿಸಿದೆ. ಅಂಗೈಗೆ ಇಂಜೆಕ್ಷನ್ ಈಗ ಬೇಡ ಅಂತ ಅವರೇ ಹೇಳಿದರು. ಕಂಕುಳಿಗೆ ಆರು ವಾರ ರಾತ್ರಿ ದ್ರಾವಣ ಹಚ್ಚಿದೆ. ಸ್ವಲ್ಪ ಕಮ್ಮಿಯಾಯಿತು, ಉರಿ ಜಾಸ್ತಿ ಇತ್ತು. ಆಮೇಲೆ ಕಂಕುಳಿಗೆ ಮಾತ್ರ ಬೊಟಾಕ್ಸ್ ಹಾಕಿಸಿದೆ, ಒಂದೊಂದಕ್ಕೆ 50 ಯೂನಿಟ್. ಬಾಟಲಿ ತೋರಿಸಿ ಒಡೆದರು. ಕಡಲತಡಿ ತಮ್ಮ ಹೇಳಿದ ಹಾಗೆಯೇ ಆಯಿತು. ಈಗ ಒಣಗಿದೆ.

ಅಂಗೈಗೆ ಮೆಡಿಕಲ್ ಕಾಲೇಜಿನಲ್ಲಿ ಮಷೀನು. ಮೊದಲ ವಾರ ಕೈ ಚುರುಚುರು ಅಂತಿತ್ತು, ಬೆವರು ಹಾಗೇ ಇತ್ತು. ಬಿಡೋಣ ಅನ್ನಿಸಿತ್ತು. ಎಂಟನೇ ಸಲ ಮುಗಿಸಿ ಬಸ್ಸಿನಲ್ಲಿ ಬರುವಾಗ ಕೈಯಲ್ಲಿದ್ದ ಟಿಕೆಟ್ ನೋಡಿದೆ. ಗರಿಗರಿ ಹಾಗೇ ಇತ್ತು. ಅಪ್ಪನಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು.

ಪೂರ್ತಿ ಹೋಗಿಲ್ಲ. ತಿಳಿ ಬಣ್ಣದ ರೇಷ್ಮೆ ಬಂದರೆ ಇನ್ನೂ ಪಕ್ಕದಲ್ಲಿ ಟವೆಲ್ ಇಟ್ಟುಕೊಳ್ಳುತ್ತೇನೆ. ಆದರೆ ಹನಿ ಬೀಳುವುದಿಲ್ಲ. ಶ್ರಾವಣದಲ್ಲಿ 14 ಬ್ಲೌಸ್ ಮುಗಿಸಿದೆ, ಒಂದಕ್ಕೂ ಕಲೆಯಾಗಲಿಲ್ಲ. ಈಗ ಪ್ರತಿ ಮಂಗಳವಾರ ಬೆಳಿಗ್ಗೆ ಹೋಗುತ್ತೇನೆ.

ಪುಟ್ಟನ ಅಮ್ಮಾ, ಅಲ್ಲಿ ನನ್ನ ಪಕ್ಕದ ತಟ್ಟೆಯಲ್ಲಿ ನಿಮ್ಮ ಮಗನ ವಯಸ್ಸಿನ ಒಬ್ಬ ಹುಡುಗ ಕೈ ಇಟ್ಟು ಕೂರುತ್ತಾನೆ. ಮೊದಲ ದಿನ ಹೆದರಿಕೊಂಡಿದ್ದ. ಈಗ ಆ ಅರ್ಧ ಗಂಟೆ ನನಗೆ ಕ್ರಿಕೆಟ್ ಕಥೆ ಹೇಳುತ್ತಾನೆ. ನಿಮ್ಮವನನ್ನೂ ಕರೆದುಕೊಂಡು ಹೋಗಿ.